ವಿನಾಯಿತಿಗೆ ಎರಡು ನಿಮಿಷ

ನ್ಯಾಶ್‌ವಿಲ್
ಮಾರ್ಚ್ 11, ಮಂಗಳವಾರ

ಮುದ್ದು ಕೋರಾ,

ಎದುರು ಕೂತರೆ ತಾಯಿ ಮಗಳು ಇಬ್ಬರೂ ವಕೀಲರಾಗುತ್ತೇವೆ, ಅದಕ್ಕೇ ಕಾಗದ. ಶಾಸನಸಭೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಪೇರ್ ಮರಗಳು ಬಿಳಿ ಹೂ ತುಂಬಿಕೊಂಡು ಈ ಗುಡ್ಡವೇ ನೆಲದಿಂದ ಒಂದು ಗೇಣು ಮೇಲೆದ್ದು ತೇಲಿದಂತಿದೆ. ನಾನೂ ಹಾಗೇ ಇದ್ದೇನೆ.

ಇವತ್ತು ಸಮಿತಿಯ ಮುಂದೆ ಆ ಮಸೂದೆ ಬಂತು. ಹೊಟ್ಟೆಯಲ್ಲಿರುವ ಮಗು ಬದುಕಲಾರದು ಎಂದು ವೈದ್ಯರೇ ಹೇಳಿದರೆ, ಗರ್ಭಪಾತದ ನಿಷೇಧದಿಂದ ವಿನಾಯಿತಿ ಕೊಡಿ ಎನ್ನುವುದು. ಮೂತ್ರಪಿಂಡಗಳೇ ಇಲ್ಲದೆ ಐದು ತಿಂಗಳು ಬೆಳೆದಿರುವ ನಿನ್ನ ಮಗುವಿನಂಥವಕ್ಕೆ.

ಬಾಗಿಲಲ್ಲಿ ಚೀಟಿ ತುಂಬಬೇಕು: 'ಪರ' ಅಥವಾ 'ವಿರೋಧ'. ಹನ್ನೆರಡು ವರ್ಷ ಚರ್ಚಿನ ಬಸ್ಸಿನಲ್ಲಿ ಬಂದು ಇಂಥ ಮಸೂದೆಗಳಿಗೆಲ್ಲ 'ವಿರೋಧ' ಗೀಚಿದ ಕೈ ನನ್ನದು. ಇವತ್ತು ನಿನ್ನ ಪರ ಮಾತಾಡಲು ಒಬ್ಬಳೇ ಬಂದೆ. ಕೈಗೆ ಯಾರೂ ತಿಳಿಸಿರಲಿಲ್ಲ. ಅದು ತನ್ನ ಪಾಡಿಗೆ 'ವಿರೋಧ'ಕ್ಕೇ ಗುರುತು ಹಾಕಿತು!

ಚೀಟಿ ನೋಡಿ ನಮ್ಮ ಚರ್ಚಿನ ಹೆಂಗಸರ ಸಾಲಿನಲ್ಲೇ ಕೂರಿಸಿದರು. ಬಸ್ಸಿನ ಯಜಮಾನಿ ಒಪಾಲ್ ಮೊಣಕೈಯಲ್ಲಿ ತಿವಿದು, "ಬಸ್ ತಪ್ಪಿಸ್ಕೊಂಡ್ರೂ ಸಾಲು ತಪ್ಪಿಸ್ಲಿಲ್ಲ ನೋಡು ನಮ್ ವರ್ನಾ! ಚೆನ್ನಾಗಿ ಜಾಡಿಸ್ಬಿಡೇ" ಅಂದಳು. ಅಷ್ಟರಲ್ಲಿ ಕರೆದರು. ಒಬ್ಬೊಬ್ಬರಿಗೆ ಎರಡೇ ನಿಮಿಷ; ಹಸಿರು ದೀಪ ಹತ್ತಿತು. ನನ್ನ ಚೀಟಿ ತಪ್ಪಾಗಿದೆ ಎಂದೆ. ಅಧ್ಯಕ್ಷರು ನಕ್ಕು, "ಚೀಟಿ ತಪ್ಪೋ, ನೀವು ತಪ್ಪೋ, ಅಮ್ಮಾ?" ಎಂದರು.

"ಇವತ್ತು ಚೀಟಿ, ಸ್ವಾಮಿ. ಇಷ್ಟು ದಿನ ನಾನು."

ಆಮೇಲೆ ನಿನ್ನ ಸುದ್ದಿ ಹೇಳಿದೆ. ಅಂಗಡಿಯಲ್ಲಿ ಗುರುತಿಲ್ಲದವರೆಲ್ಲ ಹೊಟ್ಟೆ ಮುಟ್ಟಿ ಗಂಡೋ ಹೆಣ್ಣೋ ಎನ್ನುವುದು, ನೀನು ನಗುತ್ತಲೇ ಹೆಣ್ಣು ಎನ್ನುವುದು, ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಗೋಡೆಯ ಕಡೆ ತಿರುಗಿ ಮಲಗುವುದು. ಕೆಂಪು ದೀಪ ಬಂದೇಬಿಟ್ಟಿತು. ಸಾಲಿಗೆ ಮರಳಿ ಕೂತಾಗ ಒಪಾಲ್ ನನ್ನತ್ತ ನೋಡಲಿಲ್ಲ. ಕೈಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ನನ್ನ ಅಂಗೈಗೆ ಒತ್ತಿದಳು, ಅಷ್ಟೇ.

ಕಾಯಿದೆ ನಮ್ಮನ್ನು ಕಾಯುತ್ತದೆ ಎಂದು ನಿನಗೆ ಬುದ್ಧಿ ಹೇಳಿದವಳು ನಾನು. ಇಲ್ಲ ಕಣೇ, ಬರೀ ಕಾಯಿಸುತ್ತದೆ.

ನಿನ್ನ ಹಟಮಾರಿ
ಅಮ್ಮ

ಬರೆಯಲು ಮರೆತೆ (ಸುಳ್ಳು, ಧೈರ್ಯ ಬರಲಿಲ್ಲ): ಮಸೂದೆಯನ್ನು ಮುಂದಿನ ಜನವರಿಗೆ ತಳ್ಳಿದರು. ನಿನಗೆ ದಿನ ತುಂಬುವುದು ಜುಲೈಗೆ. ಇಲಿನಾಯ್ ರಾಜ್ಯದಲ್ಲಿ ನಿಷೇಧವಿಲ್ಲ, ಅಲ್ಲಿಗೆ ಜೊತೆಗೆ ಬಾ ಎಂದು ಹೋದ ವಾರ ನೀನು ಅತ್ತಾಗ ಫೋನು ಕುಕ್ಕಿದವಳು ನಾನೇ. ಸೋಮವಾರ ಬೆಳಿಗ್ಗೆ ಆರಕ್ಕೆ ನಿನ್ನ ಬಾಗಿಲಲ್ಲಿರುತ್ತೇನೆ. ಕಾರು ನಾನೇ ಓಡಿಸುತ್ತೇನೆ. ಮಗುವಿಗೊಂದು ಹೆಸರು ಇಟ್ಟುಕೊಂಡಿದ್ದರೆ ದಾರಿಯಲ್ಲಿ ನನಗೂ ಹೇಳು.