ಮುಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಬೇಡ

ಕೊಲಂಬಿಯಾ, ಮಂಗಳವಾರ

ವಿಘ್ನೇಶನಿಗೆ ದೊಡ್ಡಮ್ಮ ಬರೆಯುವುದು.

ರೇಸಿಗೆ ಹೊರಟಂತಿರುವ ನಿನ್ನ ಆ ಪುಟ್ಟ ಕೆಂಪು ಕಾರನ್ನು ಕಂಪನಿಯವರು ರಿಪೇರಿಗೆ ವಾಪಸ್ ಕರೆದಿದ್ದಾರೆಂದು ಮಗಳು ಶ್ರೀಲಕ್ಷ್ಮಿ ಈಗಷ್ಟೇ ಹೇಳಿದಳು. ಕೇಳಿದ್ದೇ ಈ ಕಾಗದ ಬರೆಯಲು ಕೂತೆ. ಡ್ರೈವರ್ ಪಕ್ಕದ ಸೀಟಿನ ಏರ್‌ಬ್ಯಾಗ್ ಸಿಡಿದರೆ ಕಬ್ಬಿಣದ ಚೂರು ಮುಖಕ್ಕೆ ಹಾರುತ್ತದಂತೆ. ಹೊಸದು ಹಾಕುವವರೆಗೆ ಆ ಸೀಟಿನಲ್ಲಿ ಯಾರೂ ಕೂರಬಾರದಂತೆ. ಅವಳು ಫೋನ್ ಮಾಡಿದರೆ ನೀನು, "ಗೊತ್ತು ಅಕ್ಕ, ಪಾರ್ಟ್ ಇನ್ನೂ ಬಂದಿಲ್ಲ" ಅಂದೆಯಂತೆ. ಗೊತ್ತಿತ್ತಾ ನಿನಗೆ!

ಮೊನ್ನೆ ಮಾರಿಸ್‌ವಿಲ್‌ನ ನಿನ್ನ ಮನೆಗೆ ಬಂದಿದ್ದಾಗ ದೇವಸ್ಥಾನಕ್ಕೆ ಹೊರಟರೆ, "ದೊಡ್ಡಮ್ಮ, ನೀವು ಹಿಂದೆ ಕೂತ್ಕೊಳ್ಳಿ" ಅಂದೆ. "ನಾನೇನು ಸೂಟ್‌ಕೇಸಾ, ಹಿಂದೆ ತುರುಕ್ಲಿಕ್ಕೆ?" ಎಂದು ನಾನು ಪಾರ್ಕಿಂಗ್ ಲಾಟಿನಲ್ಲೇ ಕೂಗಾಡಿದೆ. ನೀನು ತಲೆ ತಗ್ಗಿಸಿ ಮುಂದಿನ ಬಾಗಿಲು ತೆಗೆದೆ. ಅಲ್ಲ ಮಾರಾಯ, ಆ ಕಬ್ಬಿಣದ ಚೂರಿಗಿಂತ ನನ್ನ ಬಾಯಿಗೆ ಹೆಚ್ಚು ಹೆದರಿದೆಯಾ? ಕಾರಣ ಹೇಳಿದ್ದರೆ ನಾನು ಡಿಕ್ಕಿಯಲ್ಲಾದರೂ ಮಲಗಿಕೊಂಡು ಬರುತ್ತಿದ್ದೆ.

ಶನಿವಾರ ನಿನ್ನ ಮಾವ ಭುಜಂಗಯ್ಯ ಊರಿನಿಂದ ಬರುತ್ತಾರಲ್ಲ, ಬೇರೆ ಕಾರು ಬಾಡಿಗೆಗೆ ತೆಗೆದುಕೊಂಡು ಏರ್‌ಪೋರ್ಟಿಗೆ ಹೋಗು. ಸಿಗದಿದ್ದರೆ ಅವರನ್ನು ಹಿಂದೆ ಕೂರಿಸು. ಅಳಿಯ ಮರ್ಯಾದೆ ಕೊಡಲಿಲ್ಲ ಎಂದು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಏಕೆಂದು ಮಾತ್ರ ಬಿಡಿಸಿ ಹೇಳು. ಅಷ್ಟಾದರೂ ಕೇಳದೆ ಗಲಾಟೆ ಮಾಡಿದರೆ ನನಗೆ ಫೋನ್ ಹಚ್ಚಿ ಅವರ ಕಿವಿಗೆ ಹಿಡಿ.

ನಿನ್ನ ದೊಡ್ಡಮ್ಮ,
ಚಂದ್ರಾವತಿ