ಹಳದಿ ರಟ್ಟಿನ ಮೇಲೆ ಎರಡು ಸಾಲು

ಮನೆಯಿಂದ,
ಭಾನುವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯ? ತರಬೇತಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೇ, ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಮಗಳು ಚೂಟಿ ಆರಾಮಾಗಿದ್ದಾಳೆ. ಈ ಗಳಿಗೆಯಲ್ಲಿ ನನ್ನ ಹಳೆಯ ಬ್ರಷ್ಷು ಹಿಡಿದು ಬೆಕ್ಕಿಗೆ ಮೀಸೆ ಬರೆಯಲು ಹೊಂಚು ಹಾಕುತ್ತಿದ್ದಾಳೆ. ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಹೇಳಿದೆ. ಅಕ್ಷರಗಳು ಕುಂಬಳಕಾಯಿಯಷ್ಟಿವೆ ಎಂದು ನಗಬೇಡ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ, ಸಣ್ಣದಕ್ಕೆ ಬಗ್ಗುವುದಿಲ್ಲ.

ಗುರುವಾರ ಫೋನಿನಲ್ಲಿ ಚೂಟಿಗೆ ಹೊಟ್ಟೆ ಕೆಟ್ಟಿತ್ತು, ಈಗ ಸರಿಯಾಗಿದೆ ಎಂದಷ್ಟೇ ಹೇಳಿದ್ದೆ. ನಡೆದದ್ದು ಇದು. ಹನ್ನೊಂದು ಗಂಟೆಗೆ ಶಾಲೆಯಿಂದ ಕರೆ ಬಂತು, ಚೂಟಿ ಎರಡು ಸಲ ವಾಂತಿ ಮಾಡಿದ್ದಳು. ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಅವಳ ಮೈ ಮೊದಲು ಸುಸ್ತಾಗಿ ಆಮೇಲೆ ಎಚ್ಚರವೇ ತಪ್ಪುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ. ಟ್ಯಾಕ್ಸಿ ಹಿಡಿದು ಅವಳನ್ನು ನೇರ ತುರ್ತು ಚಿಕಿತ್ಸೆಯ ಕೋಣೆಗೆ ಎತ್ತಿಕೊಂಡು ಹೋದೆ. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬೆರಳು ಚುಚ್ಚಿ ನೋಡಿ, "ಸಕ್ಕರೆ ಸರಿಯಾಗೇ ಇದೆ ಅಜ್ಜಾ, ಒಂದು ಗಂಟೆ ನೋಡೋಣ" ಎಂದರು. ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತೇ ಇದೆ. ಅದನ್ನು ನುಂಗಿಕೊಂಡು ಚೀಲದಿಂದ ಹಳದಿ ರಟ್ಟು ತೆಗೆದು ಅವರ ಕಣ್ಣೆದುರು ಹಿಡಿದೆ.

ಆ ರಟ್ಟಿನ ಸಂಗತಿ ನಿನಗೆ ಹೇಳಿರಲಿಲ್ಲ. ನೀನು ಕೊಟ್ಟು ಹೋದ ಆಸ್ಪತ್ರೆಯ ನಾಲ್ಕು ಪುಟದ ಪತ್ರದಲ್ಲಿ ಮುಖ್ಯ ಮಾತು ಮೂರನೆಯ ಪುಟದಲ್ಲಿತ್ತು. ಅವಸರದಲ್ಲಿರುವವರು ಮೂರನೆಯ ಪುಟದವರೆಗೆ ಹೋಗುವುದಿಲ್ಲ. ಹಾಗಾಗಿ ದೊಡ್ಡ ಡಾಕ್ಟರನ್ನೇ ಹೋಗಿ ಕೇಳಿದೆ, ಮೊದಲ ಐದು ನಿಮಿಷದಲ್ಲಿ ಏನು ಗೊತ್ತಿರಬೇಕು ಎಂದು. ಅವರು ಹೇಳಿದ್ದನ್ನು ಹಳದಿಯ ಮೇಲೆ ಕಪ್ಪಿನಲ್ಲಿ ಬರೆದೆ: "ಈ ಮಗುವಿಗೆ ಈಗಲೇ ಗ್ಲೂಕೋಸ್ ಡ್ರಿಪ್ ಹಾಕಿ. ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಕಾಯಬೇಡಿ." ಹಿಂದೆ ಕಾಯಿಲೆಯ ಹೆಸರು, ಔಷಧದ ಅಳತೆ, ತಮ್ಮ ಫೋನ್ ನಂಬರು, ಸಹಿ, ಮೊಹರು ಎಲ್ಲ ಇರುವ ಚೀಟಿಯನ್ನು ಅವರೇ ಅಂಟಿಸಿಕೊಟ್ಟರು.

ಡಾಕ್ಟರಮ್ಮ ಓದಿದರು, ತಿರುಗಿಸಿ ಓದಿದರು, ಆ ನಂಬರಿಗೆ ಒಂದೇ ನಿಮಿಷ ಮಾತಾಡಿದರು. ಡ್ರಿಪ್ ಹತ್ತಿತು. ಸಂಜೆ ಚೂಟಿ ಎದ್ದು ಬಿಸ್ಕತ್ತು ಕೇಳಿದಾಗ ಹೋದ ಜೀವ ಬಂದಂತಾಯಿತು. ಬೆಳಿಗ್ಗೆ ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಎಲ್ರೂ ಹೀಗ್ ಬರ್ಕೊಂಡ್ ಬಂದ್ರೆ ನಮ್ಗೆಷ್ಟು ಸುಲಭ ಅಜ್ಜಾ" ಎಂದರು. ನಾನು ಸ್ವಲ್ಪ ಉಬ್ಬಿದೆ, ಸುಳ್ಳೇಕೆ ಹೇಳಲಿ.

ನಿನಗೆ ಒಳ್ಳೆಯದಾಗಲಿ, ಮೈ ಕಡೆ ನೋಡಿಕೋ.

ನಿನ್ನ ಅಪ್ಪ

ತಾ.ಕ.: ಉಬ್ಬಿದ್ದು ತಪ್ಪು. ದೊಡ್ಡ ಡಾಕ್ಟರ ಬಳಿ ಹೋದದ್ದು ಜಾಣತನದಿಂದಲ್ಲ. ಮೂರನೆಯ ಪುಟದ ಮಾತು ಅವರೇ ತೋರಿಸಿದ್ದು, ನನಗೆ ಆ ಪತ್ರ ಓದಲಾಗಲೇ ಇಲ್ಲ. ಕಣ್ಣಿಗೆ ಪೊರೆ ಬಂದಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೋ ಅಪ್ಪಾ ಎಂದು ನೀನು ಹೇಳಿ ಹೋದಾಗಲೇ ಮಂಜಾಗಿತ್ತು, ಹೇಳಿದರೆ ನೀನು ಹೋಗುವುದಿಲ್ಲವೆಂದು ಸುಮ್ಮನಿದ್ದೆ. ನಾಲ್ಕು ತಿಂಗಳಿಂದ ಔಷಧದ ಚೀಟಿ ಓದಿ ಹೇಳುತ್ತಿರುವವಳು ಏಳು ವರ್ಷದ ಚೂಟಿ. ಗುರುವಾರ ಟ್ಯಾಕ್ಸಿಯಲ್ಲಿ ಅವಳಿಗೆ ಕಣ್ಣು ತೆರೆಯಲಾಗಲಿಲ್ಲ. ನನ್ನ ಆಪರೇಷನ್ ಆಗುವವರೆಗೆ ರಜೆ ಹಾಕಿ ಬಾ. ಬೈಯುವುದನ್ನು ಬಂದ ಮೇಲೆ ಬೈ.