ಇಬ್ಬರೂ ಇಟ್ಟ ಸೊನ್ನೆ

೯-೨-೧೯೮೭, ಕಾಪು

ದೋಣಿಯ ಇಂಜಿನ್ ಮತ್ತೆ ಕೆಟ್ಟಿದೆ. ಮೆಕ್ಯಾನಿಕ್ ಬರಲಿಲ್ಲ. ಬೈದು ಮನೆಗೆ ಬಂದರೆ ತಂಗಿಯ ಮಗಳು ಸ್ವರ್ಣಲತಾ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಊಟ ಬೇಡವಂತೆ. ಗದರಿದ ಮೇಲೆ ಬಾಯಿ ಬಿಟ್ಟಳು. ಕಂಪ್ಯೂಟರ್ ಕ್ಲಾಸಿನಲ್ಲಿ ಇವಳು ಬರೆದ ಪ್ರೋಗ್ರಾಮೂ ಕುಕ್ಕುಂದೂರಿನ ಲಿಯೋನೆಲ್ ಎಂಬವನದ್ದೂ ಅಕ್ಷರಕ್ಕೆ ಅಕ್ಷರ ಒಂದೇ. ಕಾಪಿ ಎಂದು ಇಬ್ಬರಿಗೂ ಪರೀಕ್ಷೆ ಇಲ್ಲ.

“ಯಾರವನು?”

“ಸಂಜೆ ಬ್ಯಾಚಿನವನು ಮಾವ. ಇವತ್ತು ಒಟ್ಟಿಗೆ ಬೈಸಿಕೊಳ್ಳುವಾಗಲೇ ಮುಖ ನೋಡಿದ್ದು.”

“ನೋಡದವನದ್ದು ಕಾಪಿ ಮಾಡುವುದು ಹೇಗೆ?”

“ಅದನ್ನು ಮೇಷ್ಟ್ರಿಗೆ ಹೇಳಿ.”

ಹೇಳುತ್ತೇನೆ.

೧೦-೨, ಸಂಜೆ

ಸ್ವರ್ಣನೂ ನಾನೂ ಉಡುಪಿಯ ಕ್ಲಾಸಿಗೆ ಹೋದೆವು. ಆ ಲಿಯೋನೆಲನೂ ಅಲ್ಲಿದ್ದ. ಮೇಷ್ಟ್ರು ಧರ್ಮಪಾಲ — ಚಿಕ್ಕ ಪ್ರಾಯ, ದೊಡ್ಡ ಟೈ.

“ಸರಿ ಉತ್ತರ ಒಂದೇ ಆಗಬಹುದು. ತಪ್ಪೂ ಒಂದೇ ಆಗುವುದು ಹೇಗೆ?” ಎಂದ.

ತಪ್ಪು ಇಷ್ಟು. ಊರಿನ ಸೆಖೆಯ ಪಟ್ಟಿಯಲ್ಲಿ ದೊಡ್ಡ ಅಂಕಿ ಯಾವುದೆಂದು ಮಿಷನ್ ಹುಡುಕಬೇಕು. ಇಬ್ಬರೂ ಮೊದಲಿಗೆ ‘ಬಿಗ್ = ೦’ ಎಂದು ಇಟ್ಟು, ಅದಕ್ಕಿಂತ ದೊಡ್ಡದು ಸಿಕ್ಕಿದ ಹಾಗೆ ಬದಲಿಸಿದ್ದಾರೆ. ಈ ಧರ್ಮಪಾಲ ಪರೀಕ್ಷಿಸಲು ಹಿಮದ ಊರಿನ ಪಟ್ಟಿ ಕೊಟ್ಟ. ಎಲ್ಲವೂ ಸೊನ್ನೆಗಿಂತ ಕೆಳಗೆ. ಮಿಷನ್ ಸೊನ್ನೆ ಎಂದಿತು... ಪಟ್ಟಿಯಲ್ಲಿ ಸೊನ್ನೆಯೇ ಇಲ್ಲ!

“ಸೊನ್ನೆಗಿಂತ ಕೆಳಗಿನ ಚಳಿ ಕಾಪುವಿನಲ್ಲಿ ಯಾರು ಕಂಡದ್ದು ಮಾರಾಯ? ಕುಕ್ಕುಂದೂರಿನಲ್ಲಿ ಉಂಟಾ?”

“ನೀವು ಎಷ್ಟು ಓದಿದ್ದೀರಿ?”

“ನಾಲ್ಕನೇ ಕ್ಲಾಸು. ಆದರೆ ಕಿವಿ ಕೇಳುತ್ತದೆ. ನನ್ನ ಪ್ರಶ್ನೆಗೆ ನಿನ್ನ ಉತ್ತರ ಇನ್ನೂ ಕೇಳಲಿಲ್ಲ.”

ಸ್ವರ್ಣ ಮುಂದೆ ಬಂದಳು. “ಸರ್, ನಮ್ಮದನ್ನು ನೋಡದ ಯಾರಿಂದಲಾದರೂ ಬರೆಸಿ.”

ಪಕ್ಕದ ಕ್ಲಾಸಿನ ಜೆರ್ಟ್ರೂಡ್ ಮೇಡಂ ಬಂದರು. ಧರ್ಮಪಾಲ ಲೆಕ್ಕವಷ್ಟೇ ಹೇಳಿ ಚಾಕ್ ಕೊಟ್ಟ. ಮೇಡಂ ಸರಸರ ಬರೆದರು. ಮೊದಲ ಸಾಲೇ — ಬಿಗ್ = ೦. ಸ್ವರ್ಣ ತನ್ನ ಹಾಳೆಯನ್ನು ಬೋರ್ಡಿನ ಪಕ್ಕ ಹಿಡಿದಳು. ಕೊನೆಯ ಸಾಲಿನವರೆಗೂ ಅದೇ.

“ಮೇಡಂ ಯಾರದ್ದನ್ನು ನೋಡಿ ಬರೆದದ್ದು?” ಎಂದೆ. ಗಟ್ಟಿಯಾಗಿಯೇ. ಬಾಗಿಲಲ್ಲಿ ನಿಂತ ಹುಡುಗರೆಲ್ಲ ನಕ್ಕರು.

ವಿಷಯ ತಿಳಿದು ಮೇಡಂ ಕೆಂಪಾದರು, ಮತ್ತೆ ತಾವೂ ನಕ್ಕರು. “ಲೆಕ್ಕ ಒಂದೇ, ಕಲಿಸಿದ ಭಾಷೆ ಒಂದೇ. ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ ಧರ್ಮಪಾಲ. ಮಕ್ಕಳನ್ನು ಬಿಡಿ.”

ಟೈ ಸಡಿಲಾಯಿತು. ಪರೀಕ್ಷೆ ಉಂಟು! ಇಬ್ಬರಿಗೂ!

ಲಿಯೋನೆಲನಿಗೂ ಗೋಳಿಬಜೆ ತಿನ್ನಿಸಿದೆ. ಪಾಪದ ಹುಡುಗ. ಎರಡು ಪ್ಲೇಟು ತಿಂದ.

೨-೩, ಬೆಳಿಗ್ಗೆ

ಇವತ್ತು ಪರೀಕ್ಷೆ. ಒಬ್ಬಳೇ ಹೋಗುತ್ತಾಳಂತೆ. “ನೀವು ಬಂದರೆ ಅಲ್ಲಿಯೂ ಜಗಳ ಮಾಡುತ್ತೀರಿ ಮಾವ.” ಮಾಡುತ್ತೇನೆ, ಏನೀಗ? ಕಡಪುರದಲ್ಲಿ, ದೋಣಿ ನಿಲ್ಲಿಸುವ ಕಡಲ ದಂಡೆಯಲ್ಲಿ, ಎಲ್ಲರಿಗೂ ಹೇಳಿಯಾಗಿದೆ — ನಮ್ಮ ಹುಡುಗಿ ಬರೆದದ್ದನ್ನೇ ಕಲಿಸುವವರೂ ಬರೆದರು ಎಂದು. ಇನ್ನು ರಿಸಲ್ಟ್ ಬರಲಿ, ಆಗ ನೋಡಿ ನಾನು... ಹಾರ್ನ್ ಕೇಳಿತು. ಬಸ್ಸು ಬಂತು, ಹುಡುಗಿಯನ್ನು ಹತ್ತಿಸಿ ಬರುತ್ತೇನೆ —